ಮೊದಲ ಡಿಎಸ್‌ಎಲ್‌ಆರ್: ಬಾಡಿಗಿಂತ ಮೊದಲು ಲೆನ್ಸಿನ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ: ಛಾಯಾಗ್ರಹಣ

ಪ್ರಶ್ನೆ: ನಾನು ಬಾದಾಮಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಶಿಲ್ಪಗಳ ಫೋಟೊ ತೆಗೆದು ತರಗತಿಯಲ್ಲಿ ಮಕ್ಕಳಿಗೆ ತೋರಿಸಬೇಕು, ಶಾಲೆಯ ಗ್ಯಾದರಿಂಗಿನ ಫೋಟೊಗಳನ್ನೂ ನಾನೇ ತೆಗೆಯಬೇಕು ಎಂಬ ಆಸೆಯಿದೆ. ಮೊಬೈಲ್ ಬಿಟ್ಟರೆ ಬೇರೆ ಕ್ಯಾಮೆರಾ ಹಿಡಿದವಳಲ್ಲ, ಕನ್ನಡಕ ಹಾಕುತ್ತೇನೆ. ಕೈಯಲ್ಲಿ 45,000 ರೂಪಾಯಿ ಇದೆ. ಅಂಗಡಿಯವರು ‘ಎರಡು ಲೆನ್ಸಿನ ಕಿಟ್ ತಗೋರಿ ಮೇಡಂ, ಬ್ಯಾಗು, ಕಾರ್ಡು ಫ್ರೀ ಕೊಡ್ತೀವಿ’ ಎನ್ನುತ್ತಾರೆ. ಅಕ್ಕನ ಮಗ ‘ಚಿಗವ್ವಾ, ಡಿಎಸ್‌ಎಲ್‌ಆರ್ ಕಾಲ ಮುಗೀತು, ಮಿರರ್‌ಲೆಸ್ ತಗೋ’ ಎನ್ನುತ್ತಾನೆ. ಯಾವುದನ್ನು ಕೊಳ್ಳಲಿ?

ಉತ್ತರ: ಲೆನ್ಸಿನ ನೋಟವನ್ನು ಒಳಗಿನ ಕನ್ನಡಿಯ ಮೂಲಕ ವ್ಯೂಫೈಂಡರಿಗೆ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಗೆ, ಕಳಿಸುವುದು ಡಿಎಸ್‌ಎಲ್‌ಆರ್; ಆ ಕನ್ನಡಿಯಿಲ್ಲದೆ ವಿದ್ಯುನ್ಮಾನ ಪರದೆಯಲ್ಲಿ ತೋರಿಸುವುದು ಮಿರರ್‌ಲೆಸ್. ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಕಲ್ಲು ಅಲುಗಾಡುವುದಿಲ್ಲ, ಮಕ್ಕಳು ಒಂದು ಕ್ಷಣವೂ ಸುಮ್ಮನೆ ನಿಲ್ಲುವುದಿಲ್ಲ. ಆದರೆ ಎರಡೂ ಕಡೆ ನಿಮಗೆ ಸಿಗುವುದು ಕಡಿಮೆ ಬೆಳಕು. ಅಂಗಡಿಯವರು ಹಣ ಎಷ್ಟಿದೆ ಎಂದು ಕೇಳಿದ್ದಾರೆ, ಅಕ್ಕನ ಮಗ ಯಾವುದು ಹೊಸದು ಎಂದು ನೋಡಿದ್ದಾನೆ, ನೀವು ಎಂಥ ಬೆಳಕಿನಲ್ಲಿ ಫೋಟೊ ತೆಗೆಯುತ್ತೀರಿ ಎಂಬುದನ್ನು ಮಾತ್ರ ಯಾರೂ ವಿಚಾರಿಸಿದಂತಿಲ್ಲ. ಮೊದಲ ಕ್ಯಾಮೆರಾ ಕೊಳ್ಳುವವರು ಆರಂಭಿಸಬೇಕಾದದ್ದು ಅಲ್ಲಿಂದಲೇ.

ಬಾದಾಮಿಯ ಮೂರನೆಯ ಗುಹೆಯನ್ನೇ ನೆನೆಯಿರಿ. ಕ್ರಿ.ಶ. 578ರ ಶಾಸನವಿರುವ ಆ ಗುಹೆಯ ಮುಖಮಂಟಪದಲ್ಲಿ, ಹೆಡೆಯೆತ್ತಿದ ಸರ್ಪದ ಮೇಲೆ ಕುಳಿತ ವಿಷ್ಣುವಿನ ಬಳಿ, ಬೆಳಕು ಸಾಕಷ್ಟಿರುತ್ತದೆ. ಕಂಬಗಳ ಸಾಲು ದಾಟಿ ನಾಲ್ಕು ಹೆಜ್ಜೆ ಒಳಗೆ ಹೋದರೆ ಅದು ಥಟ್ಟನೆ ಕುಸಿಯುತ್ತದೆ. ಕ್ಯಾಮೆರಾದ ಜೊತೆಗೆ ಬರುವ 18-55 ಮಿ.ಮೀ. ಕಿಟ್ ಲೆನ್ಸನ್ನು 35 ಮಿ.ಮೀ.ಗೆ ತಿರುಗಿಸಿದಾಗ ಅದರ ಅಪರ್ಚರ್, ಅಂದರೆ ಬೆಳಕು ಒಳಬರುವ ರಂಧ್ರ, ಹೆಚ್ಚೆಂದರೆ ಎಫ್ 4.5ರ ಆಸುಪಾಸಿನವರೆಗೆ ತೆರೆಯುತ್ತದೆ; ಈ ಎಫ್ ಸಂಖ್ಯೆ ಕಡಿಮೆಯಾದಷ್ಟೂ ರಂಧ್ರ ದೊಡ್ಡದು. ಎಫ್ 1.8ರವರೆಗೆ ತೆರೆಯುವ 35 ಮಿ.ಮೀ. ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದ ಲೆನ್ಸ್, ಅದರ ಆರು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಒಂದೇ ಐಎಸ್‌ಒದಲ್ಲಿ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) ಕಿಟ್ ಲೆನ್ಸಿಗೆ ಸೆಕೆಂಡಿನ 10ನೇ ಒಂದು ಭಾಗದಷ್ಟು ಹೊತ್ತು ಷಟರ್ ತೆರೆದಿರಬೇಕಾದರೆ, ಪ್ರೈಮ್ ಲೆನ್ಸಿಗೆ 60ನೇ ಒಂದು ಭಾಗ ಸಾಕು.

ಹಾಗೆಂದು ಶಿಲ್ಪಕ್ಕೆ ಕಿಟ್ ಲೆನ್ಸ್ ನಿರುಪಯುಕ್ತವೆಂದು ತಿಳಿಯಬೇಡಿ. ನಿಕಾನ್ ಲೆನ್ಸಿನ ಮೇಲೆ ‘ವಿಆರ್’, ಕ್ಯಾನನ್ ಲೆನ್ಸಿನ ಮೇಲೆ ‘ಐಎಸ್’ ಎಂದು ಬರೆದಿದ್ದರೆ ಅದರಲ್ಲಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಇದೆಯೆಂದರ್ಥ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ಒತ್ತಿದರೆ 10ನೇ ಒಂದು ಭಾಗದಲ್ಲಿಯೂ ಕಲ್ಲಿನ ಚಿತ್ರ ಸ್ಪಷ್ಟವಾಗಿ ಬರುತ್ತದೆ. ಆದರೆ ಈ ವ್ಯವಸ್ಥೆ ನಿಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆಯೇ ಹೊರತು ವೇದಿಕೆಯ ಮೇಲೆ ಕುಣಿಯುವ ಹುಡುಗಿಯ ಕೈಯನ್ನಲ್ಲ. ಗ್ಯಾದರಿಂಗಿನ ಸಂಜೆ ಎರಡು ಹ್ಯಾಲೊಜನ್ ದೀಪಗಳ ಕೆಳಗೆ ಕೋಲಾಟ ಆಡುವ ಮಕ್ಕಳನ್ನು ಸ್ಪಷ್ಟವಾಗಿ ಹಿಡಿಯಲು ಕನಿಷ್ಠ 125ನೇ ಒಂದು ಭಾಗ, ಸಾಧ್ಯವಾದರೆ 250ನೇ ಒಂದು ಭಾಗದ ವೇಗ ಬೇಕು. ಅಲ್ಲಿ ಕಿಟ್ ಲೆನ್ಸ್ ಸೋಲುತ್ತದೆ. ಅಂದರೆ ದೊಡ್ಡ ಅಪರ್ಚರಿನ ಲೆನ್ಸ್ ನಿಮಗೆ ಬೇಕಾಗಿರುವುದು ಗುಹೆಗಿಂತ ಹೆಚ್ಚಾಗಿ ಮಕ್ಕಳಿಗಾಗಿ. ಬಜೆಟ್ಟಿನಲ್ಲಿ ಮೊದಲು ಅದರ ಹಣವನ್ನು ಬದಿಗಿಟ್ಟು, ಉಳಿದದ್ದರಲ್ಲಿ ಬಾಡಿ, ಅಂದರೆ ಲೆನ್ಸಿಲ್ಲದ ಕ್ಯಾಮೆರಾ, ನೋಡಿ ಎಂಬುದು ನನ್ನ ಖಚಿತ ಸಲಹೆ.

ಪ್ರೈಮ್ ಎಂದೊಡನೆ ಎಲ್ಲರೂ 50 ಮಿ.ಮೀ. ಲೆನ್ಸನ್ನು ಶಿಫಾರಸು ಮಾಡುತ್ತಾರೆ. ಅದು ಅಗ್ಗ, ಮುಖಚಿತ್ರಗಳಿಗೆ ಸೊಗಸು. ಆದರೆ ನಿಮಗೆ ಹೊಂದುವುದಿಲ್ಲ. ಆರಂಭಿಕ ಡಿಎಸ್‌ಎಲ್‌ಆರ್‌ಗಳ ಸೆನ್ಸರ್, ಅಂದರೆ ಚಿತ್ರ ಮೂಡುವ ಫಲಕ, ಹಳೆಯ ಫಿಲ್ಮಿಗಿಂತ ಚಿಕ್ಕದಾದ ಕಾರಣ ನಿಕಾನ್‌ನಲ್ಲಿ 1.5 ಪಟ್ಟು, ಕ್ಯಾನನ್‌ನಲ್ಲಿ 1.6 ಪಟ್ಟು ನೋಟ ಕಿರಿದಾಗುತ್ತದೆ, 50 ಮಿ.ಮೀ. ಲೆನ್ಸ್ 75 ಅಥವಾ 80 ಮಿ.ಮೀ.ನಂತೆ ವರ್ತಿಸುತ್ತದೆ; ಮಿ.ಮೀ. ಹೆಚ್ಚಿದಷ್ಟೂ ಚೌಕಟ್ಟಿನೊಳಗೆ ಹಿಡಿಸುವ ಜಾಗ ಕಡಿಮೆ. ಗುಹೆಯ ಮಂಟಪದಲ್ಲಿ ಆಳೆತ್ತರ ಮೀರಿದ ತ್ರಿವಿಕ್ರಮನನ್ನು ಪೂರ್ತಿಯಾಗಿ ಚೌಕಟ್ಟಿನೊಳಗೆ ತರಲು ಹಿಂದೆ ಸರಿಯುತ್ತ ಹೋದರೆ ಬೆನ್ನಿಗೆ ಕಂಬ ತಾಗುತ್ತದೆ. ನಿಕಾನ್ ಕೊಂಡರೆ 35 ಮಿ.ಮೀ. ಎಫ್ 1.8 ಜಿ ಡಿಎಕ್ಸ್ ಲೆನ್ಸ್ ತೆಗೆದುಕೊಳ್ಳಿ. ಕ್ಯಾನನ್‌ನಲ್ಲಿ 24 ಮಿ.ಮೀ. ಎಫ್ 2.8 ಎಸ್‌ಟಿಎಂ ಎಂಬ ತೆಳುವಾದ ಲೆನ್ಸ್ ಇದೆ, ಇಕ್ಕಟ್ಟಿನ ಜಾಗಕ್ಕೆ ಇನ್ನೂ ಅನುಕೂಲ, ಆದರೆ ಒಳಬಿಡುವ ಬೆಳಕು ಎಫ್ 1.8ರ ಅರ್ಧಕ್ಕಿಂತಲೂ ಕಡಿಮೆ. ನಿಮ್ಮ ಕೆಲಸಕ್ಕೆ ತಕ್ಕಡಿ ನಿಕಾನ್ ಕಡೆಗೆ ತುಸು ವಾಲುವುದು ಈ ಒಂದು ಲೆನ್ಸಿನಿಂದಾಗಿಯೇ.

ನಿಕಾನ್ ಕೊಳ್ಳುವವರು ಒಂದು ಎಚ್ಚರಿಕೆ ವಹಿಸಬೇಕು. ಡಿ3000 ಮತ್ತು ಡಿ5000 ಸರಣಿಯ ಬಾಡಿಗಳಲ್ಲಿ ಲೆನ್ಸನ್ನು ತಿರುಗಿಸಿ ಫೋಕಸ್ ಮಾಡುವ ಮೋಟಾರು ಇರುವುದಿಲ್ಲ. ಮೋಟಾರು ಲೆನ್ಸಿನಲ್ಲಿಯೇ ಇರಬೇಕು. ಲೆನ್ಸಿನ ಮೇಲೆ ‘ಎಎಫ್-ಎಸ್’ ಅಥವಾ ‘ಎಎಫ್-ಪಿ’ ಎಂದು ಬರೆದಿದೆಯೇ ನೋಡಿ. ‘1.8 ಡಿ’ ಎಂದಿರುವ ಹಳೆಯ ಲೆನ್ಸನ್ನು ಅಗ್ಗವೆಂದು ತಂದರೆ ಪ್ರತಿ ಫೋಟೊಕ್ಕೂ ಕೈಯಿಂದಲೇ ಫೋಕಸ್ ಮಾಡುತ್ತ ಕೂರಬೇಕಾಗುತ್ತದೆ.

ಎರಡು ಲೆನ್ಸಿನ ಕಿಟ್ ಸದ್ಯಕ್ಕೆ ಬೇಡ. ಅದರಲ್ಲಿನ ಎರಡನೆಯ ಲೆನ್ಸ್ ದೂರದ್ದನ್ನು ಹತ್ತಿರ ತರುವಂಥದ್ದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಿಖರದ ಕೆತ್ತನೆಗೆ ಅದು ಒದಗುತ್ತದೆ, ನಿಜ. ಆದರೆ ಗುಹೆಯಲ್ಲಾಗಲಿ ಸಂಜೆಯ ವೇದಿಕೆಯಲ್ಲಾಗಲಿ ಅದು ಕಿಟ್ ಲೆನ್ಸಿಗಿಂತಲೂ ಕಡಿಮೆ ಬೆಳಕು ಕೊಡುತ್ತದೆ. ಬ್ಯಾಗು, ಕಾರ್ಡುಗಳ ಬೆಲೆ ಒಟ್ಟು ದರದಲ್ಲಿಯೇ ಸೇರಿರುತ್ತದೆ. ಬದಲಿಗೆ ಒಂದೇ ಲೆನ್ಸಿನ ದರ ಹೇಳಿ ಎಂದು ಕೇಳಿ.

ಇನ್ನು ಬಾಡಿ. ಕನ್ನಡಕ ಹಾಕುವ ನಿಮಗೆ ಕ್ಯಾನನ್ 3000ಡಿ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ವ್ಯೂಫೈಂಡರಿನ ಪಕ್ಕದಲ್ಲಿ ಕಣ್ಣಿನ ನಂಬರಿಗೆ ತಕ್ಕಂತೆ ಹೊಂದಿಸಿಕೊಳ್ಳುವ ಚಿಕ್ಕ ಗಾಲಿ ಅದರಲ್ಲಿಲ್ಲ. ಲೆನ್ಸ್ ಕೂರುವ ಬಳೆಯೂ ಪ್ಲಾಸ್ಟಿಕ್ಕಿನದು. 1500ಡಿ ಅದಕ್ಕಿಂತ ಮೇಲು. ಆದರೂ ಈ ಎರಡರಲ್ಲಿಯೂ ಫ್ಲ್ಯಾಶ್ ಕೂರಿಸುವ ಜಾಗದ ನಡುವಿನ ಬಿಂದುವನ್ನು ತೆಗೆದುಹಾಕಿರುವುದರಿಂದ ಬೇರೆ ಕಂಪನಿಗಳ ಸಾಮಾನ್ಯ ಫ್ಲ್ಯಾಶ್‌ಗಳು ಹೊತ್ತಿಕೊಳ್ಳುವುದಿಲ್ಲ, ಇದನ್ನು ಕೊಂಡ ಮೇಲೆ ತಿಳಿದುಕೊಳ್ಳುವವರೇ ಹೆಚ್ಚು. ನಿಕಾನ್ ಡಿ3500 ಹಗುರ, ಬಳಸಲು ಸುಲಭ, ಒಮ್ಮೆ ಚಾರ್ಜ್ ಮಾಡಿದರೆ ಕಂಪನಿಯ ಲೆಕ್ಕದಂತೆ 1,550 ಫೋಟೊ ಬರುತ್ತವೆ. ಆದರೆ ಸೆನ್ಸರನ್ನು ನಡುಗಿಸಿ ಧೂಳು ಕೊಡವುವ ವ್ಯವಸ್ಥೆ ಅದರಲ್ಲಿಲ್ಲ. ಮಳೆಗಾಲ ಬಿಟ್ಟರೆ ವರ್ಷವಿಡೀ ಎರೆಮಣ್ಣಿನ ಧೂಳು ಏಳುವ ನಮ್ಮ ಭಾಗದಲ್ಲಿ ಲೆನ್ಸ್ ಬದಲಿಸುವವರಿಗೆ ಇದು ಸಣ್ಣ ಕೊರತೆಯಲ್ಲ. ಡಿ5600ರಲ್ಲಿ ಆ ವ್ಯವಸ್ಥೆಯೂ ಇದೆ, ಪಕ್ಕಕ್ಕೆ ತೆರೆದು ತಿರುಗಿಸಬಹುದಾದ ಪರದೆಯೂ ಇದೆ. ಗುಹೆಯ ಛಾವಣಿಯ ಕೆತ್ತನೆಗೆ ಕುತ್ತಿಗೆ ಮೇಲೆತ್ತಿ ನಿಲ್ಲುವ ಬದಲು ಕ್ಯಾಮೆರಾವನ್ನು ಎದೆಯ ಬಳಿ ಮೇಲ್ಮುಖವಾಗಿ ಹಿಡಿದು ಪರದೆ ನೋಡಬಹುದು. ಅಧಿಷ್ಠಾನದ, ಅಂದರೆ ತಳಪೀಠದ, ಕುಬ್ಜ ಗಣಗಳಿಗಾಗಿ ನೆಲಕ್ಕೆ ಒರಗಬೇಕಾಗಿಲ್ಲ. ಕ್ಯಾನನ್‌ನಲ್ಲಿ ಇದಕ್ಕೆ ಸಮನಾದದ್ದು 200ಡಿ ಮಾರ್ಕ್ 2; ಪರದೆ ನೋಡಿಕೊಂಡು ತೆಗೆಯುವಾಗ ಅದರ ಫೋಕಸ್ ಡಿ5600ಕ್ಕಿಂತ ಬಹಳ ಚುರುಕು. ಮಕ್ಕಳ ವಿಡಿಯೊ ಮಾಡುವ ಇರಾದೆಯೂ ನಿಮಗಿದ್ದರೆ ಆಗ ನಾನು ಅದನ್ನೇ ಆರಿಸುತ್ತೇನೆ. ಮೆಗಾಪಿಕ್ಸೆಲ್‌ಗಳ ಚಿಂತೆ ಬಿಡಿ. ಡಿ3500, ಡಿ5600, 200ಡಿ ಮಾರ್ಕ್ 2 ಈ ಮೂರೂ 24 ಮೆಗಾಪಿಕ್ಸೆಲ್‌ನವು, ಶಾಲೆಯ ಗೋಡೆಗೆ ಹಾಕುವ ದೊಡ್ಡ ಪ್ರಿಂಟಿಗೂ ಅದು ಸಾಕು.

ನಿಮ್ಮ ಅಕ್ಕನ ಮಗ ಹೇಳಿದ್ದರಲ್ಲಿ ಸತ್ಯವಿದೆ. ನಿಕಾನ್ ಝಡ್ ಮತ್ತು ಕ್ಯಾನನ್ ಆರ್ ಸರಣಿಗಳು 2018ರಲ್ಲಿ ಬಂದ ಮೇಲೆ ಎರಡೂ ಕಂಪನಿಗಳ ಹೊಸ ಲೆನ್ಸುಗಳು ಬಹುತೇಕ ಮಿರರ್‌ಲೆಸ್ ಕಡೆಗೇ ಹೋಗಿವೆ. ಡಿ3500, ಡಿ5600 ಎರಡರ ತಯಾರಿಕೆಯೂ ನಿಂತಿದೆ. ಅಂಗಡಿಯಲ್ಲಿ ಉಳಿದ ಹೊಸ ಪೀಸು ಸಿಕ್ಕರೆ ಸರಿ, ಇಲ್ಲವಾದರೆ ಸೆಕೆಂಡ್ ಹ್ಯಾಂಡೇ ಗತಿ. ಆದರೆ ನಿಮ್ಮ ಮೊತ್ತದಲ್ಲಿ ಹೊಸ ಮಿರರ್‌ಲೆಸ್ ಕೊಳ್ಳಹೊರಟರೆ ದೊಡ್ಡ ಅಪರ್ಚರಿನ ಲೆನ್ಸಿಗೆ ಹಣ ಉಳಿಯುವುದಿಲ್ಲ, ಕಿಟ್ ಲೆನ್ಸಿನಲ್ಲಿಯೇ ನಿಲ್ಲಬೇಕಾಗುತ್ತದೆ. ಬಳಸಿದ ಡಿಎಸ್‌ಎಲ್‌ಆರ್ ಮತ್ತು 35 ಮಿ.ಮೀ. ಲೆನ್ಸ್ ಇಟ್ಟುಕೊಂಡ ಶಿಕ್ಷಕಿ, ಹೊಸ ಮಿರರ್‌ಲೆಸ್ ಮತ್ತು ಕಿಟ್ ಲೆನ್ಸ್ ಇಟ್ಟುಕೊಂಡವರಿಗಿಂತ ಗ್ಯಾದರಿಂಗಿನ ಸಂಜೆ ಉತ್ತಮ ಫೋಟೊ ತೆಗೆಯಬಲ್ಲರು ಎಂದು ನಾನು ನಂಬುತ್ತೇನೆ. ಏಪ್ರಿಲ್ ಬಿಸಿಲಿನಲ್ಲಿ ಪಟ್ಟದಕಲ್ಲಿನ ಅಂಗಳದಲ್ಲಿ ನಿಂತಾಗ ಪರದೆ ಕಾಣಿಸದಿದ್ದರೂ ಕನ್ನಡಿಯ ಮೂಲಕ ನೋಡುವ ವ್ಯೂಫೈಂಡರ್ ನಿಚ್ಚಳವಾಗಿರುತ್ತದೆ ಎಂಬುದೂ ಲೆಕ್ಕಕ್ಕೆ ಬರಲಿ.

ಕೊಂಡ ಮೇಲೆ ಫೋಟೊಗಳನ್ನು ‘ರಾ’ ರೂಪದಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಕಡತವಾಗಿ, ಉಳಿಸಿ. ಬಾದಾಮಿಯ ಕೆಂಪು ಮರಳುಗಲ್ಲಿನಿಂದ ಪ್ರತಿಫಲಿಸಿದ ಬೆಳಕು ಚಿತ್ರಕ್ಕೆ ಕೆಂಪು ಛಾಯೆ ಕೊಡುತ್ತದೆ. ರಾ ಕಡತದಲ್ಲಿ ಅದನ್ನು ಆಮೇಲೆ ಹದಕ್ಕೆ ತರಬಹುದು. ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕಾಗುವುದರಿಂದ ಅದಕ್ಕೆ ಈಗಲೇ ಹಣ ಹಾಕಬೇಡಿ.

ಪ್ರಶ್ನೆ: ವಿಜಯಪುರದಲ್ಲಿ ಮದುವೆ ಫೋಟೊ ತೆಗೆಯುವವರೊಬ್ಬರು ತಮ್ಮ ಹಳೆಯ ಡಿಎಸ್‌ಎಲ್‌ಆರ್ ಮಾರುತ್ತಿದ್ದಾರೆ. ಹೊರಗಿನಿಂದ ಹೊಸದರಂತೆ ಕಾಣುತ್ತದೆ. ಕೊಳ್ಳಬಹುದೇ? ಏನೇನು ನೋಡಬೇಕು? (ಒಬ್ಬ ವಿದ್ಯಾರ್ಥಿ, ಬಾಗಲಕೋಟೆ)

ಉತ್ತರ: ಹೊರನೋಟಕ್ಕಿಂತ ಷಟರ್ ಎಷ್ಟು ಬಾರಿ ಬಿದ್ದಿದೆ ಎಂಬುದು ಮುಖ್ಯ. ಆರಂಭಿಕ ಮಾದರಿಗಳ ಷಟರನ್ನು ಸಾಮಾನ್ಯವಾಗಿ ಒಂದು ಲಕ್ಷ ಬಾರಿಯ ಬಾಳಿಕೆಗೆಂದು ಮಾಡಿರುತ್ತಾರೆ. ಒಂದು ಮದುವೆಯಲ್ಲಿ ಸಾವಿರಗಟ್ಟಲೆ ಫೋಟೊ ತೆಗೆಯುವವರ ಕೈಯಲ್ಲಿ ಎರಡು ಮೂರು ಹಂಗಾಮಿನಲ್ಲಿಯೇ ಅದು ಮುಗಿಯುತ್ತ ಬರಬಹುದು. ನಿಕಾನ್ ಆದರೆ ಅಲ್ಲಿಯೇ ಒಂದು ಫೋಟೊ ತೆಗೆದು ನಿಮ್ಮ ಕಾರ್ಡಿನಲ್ಲಿ ತನ್ನಿ. ಆ ಕಡತದಲ್ಲಿಯೇ ಎಣಿಕೆ ದಾಖಲಾಗಿರುತ್ತದೆ, ಕಂಪ್ಯೂಟರಿನಲ್ಲಿ ಓದಿಕೊಳ್ಳಬಹುದು. ಕ್ಯಾನನ್‌ನ ಬಹುತೇಕ ಮಾದರಿಗಳಲ್ಲಿ ಅಷ್ಟು ಸುಲಭವಾಗಿ ಸಿಗುವುದಿಲ್ಲ, ಆಗ ಬಿಲ್ಲಿನ ತಾರೀಖು ಮತ್ತು ಮಾರುವವರ ಮಾತನ್ನೇ ನೆಚ್ಚಬೇಕು.

ಆಮೇಲೆ ಲೆನ್ಸ್. ಅದನ್ನು ಬಾಡಿಯಿಂದ ಬಿಚ್ಚಿ, ಮೊಬೈಲ್ ಟಾರ್ಚನ್ನು ಒಂದು ಬದಿಯಿಂದ ಹಾಯಿಸಿ ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಧೂಳಿನ ಕೆಲವು ಕಣಗಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಯಂತೆ ಅಂಚಿನಿಂದ ಒಳಕ್ಕೆ ಹಬ್ಬಿದ ಬೂಷ್ಟು ಕಂಡರೆ ಎಷ್ಟೇ ಅಗ್ಗವಾದರೂ ಬಿಡಿ. ವಿಜಯಪುರದ ಒಣ ಹವೆಯಲ್ಲಿ ಇದು ಕಡಿಮೆ, ಆದರೆ ಖಾನಾಪುರ, ಜಾಂಬೋಟಿ ಕಡೆಯ ಮಳೆಯಲ್ಲಿ ಬ್ಯಾಗಿನೊಳಗೆ ತಿಂಗಳುಗಟ್ಟಲೆ ಮುಚ್ಚಿಟ್ಟ ಲೆನ್ಸುಗಳಿಗೆ ಬೇಗ ತಗಲುತ್ತದೆ. ಸೆನ್ಸರ್ ಪರೀಕ್ಷಿಸಲು ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಮೋಡವಿಲ್ಲದ ಆಕಾಶದ ಫೋಟೊ ತೆಗೆದು ಹಿಗ್ಗಿಸಿ ನೋಡಿ. ಕಪ್ಪು ಚುಕ್ಕೆಗಳು ಧೂಳು, ಅವನ್ನು ತೆಗೆಸಬಹುದು, ಗೆರೆಯಂತೆ ಕಂಡರೆ ಗೀರು, ಅದನ್ನು ತೆಗೆಸಲಾಗದು. ಬ್ಯಾಟರಿ ಉಬ್ಬಿದೆಯೇ, ಬಾಡಿಯ ತಳದ ಕ್ರಮಸಂಖ್ಯೆ ಬಿಲ್ಲಿನ ಸಂಖ್ಯೆಗೆ ತಾಳೆಯಾಗುತ್ತದೆಯೇ ಎಂಬುದನ್ನೂ ನೋಡಿ. ಬಿಲ್ಲೇ ಇಲ್ಲವೆಂದರೆ ಆ ವ್ಯವಹಾರ ಬೇಡ.

ಪ್ರಶ್ನೆ: ಆಲಮಟ್ಟಿ ಹಿನ್ನೀರಿಗೆ ಬರುವ ಹಕ್ಕಿಗಳ ಫೋಟೊ ತೆಗೆಯಲು 70-300 ಮಿ.ಮೀ. ಲೆನ್ಸ್ ಸಾಕೇ? ನನ್ನ ಬಳಿ ಹಳೆಯ ನಿಕಾನ್ ಡಿ3300 ಇದೆ. (ಒಬ್ಬ ಓದುಗರು, ನಿಡಗುಂದಿ)

ಉತ್ತರ: ರಾಜಹಂಸಗಳ ಹಿಂಡು, ಪಟ್ಟೆತಲೆಯ ಹೆಬ್ಬಾತುಗಳಂಥ ದೊಡ್ಡ ಹಕ್ಕಿಗಳಿಗೆ ಸಾಕು, ದಂಡೆಯ ಮೇಲೆ ಓಡಾಡುವ ಸಣ್ಣ ಹಕ್ಕಿಗಳಿಗೆ ಸಾಲದು. ಷಟರ್ ವೇಗವನ್ನು 1,000ನೇ ಒಂದು ಭಾಗಕ್ಕಿಂತ ಇಳಿಸಬೇಡಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಬಿಸಿಗಾಳಿ ಅಲುಗುವುದರಿಂದ ಎಂಥ ಲೆನ್ಸಾದರೂ ದೂರದ ಹಕ್ಕಿಯನ್ನು ಸ್ಪಷ್ಟವಾಗಿ ಕೊಡಲಾರದು, ಆದ್ದರಿಂದ ಸೂರ್ಯೋದಯದ ನಂತರದ ಮೊದಲ ಎರಡು ಗಂಟೆಗಳಲ್ಲಿ ಕೆಲಸ ಮುಗಿಸಿ. ಹಿಂಡು ತಲೆಯೆತ್ತಿ ನಿಮ್ಮತ್ತ ನೋಡಿದರೆ ಅಲ್ಲಿಯೇ ನಿಂತುಬಿಡಿ, ಇನ್ನೊಂದು ಹೆಜ್ಜೆ ಮುಂದಿಟ್ಟರೆ ಅವು ಮೇಯುವುದನ್ನು ಬಿಟ್ಟು ಹಾರುತ್ತವೆ. ಲೆನ್ಸ್ ‘ಎಎಫ್-ಪಿ’ ಮಾದರಿಯದಾದರೆ ಡಿ3300ಕ್ಕೆ ನಿಕಾನ್ ಜಾಲತಾಣದಲ್ಲಿರುವ, ಕ್ಯಾಮೆರಾದೊಳಗಿನ ತಂತ್ರಾಂಶದ ಹೊಸ ಆವೃತ್ತಿಯಾದ ಫರ್ಮ್‌ವೇರ್ ಹಾಕಿಸಿಕೊಂಡ ನಂತರವೇ ಹೊಂದಿಸಿ. ಅದಿಲ್ಲದೆ ಫೋಕಸ್ ಸರಿಯಾಗಿ ಕೆಲಸ ಮಾಡುವುದಿಲ್ಲ.