ಯೂದನ ಎರಡು ಸಾವುಗಳು: ಒಂದು ಆಪ್ತಸಲಹೆ ಪ್ರಕರಣ

ನಲವತ್ತರ ಆಸುಪಾಸಿನ ಈ ಮಹಿಳೆ ಬಹುಕಾಲದಿಂದ ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ). ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಇಸ್ಕರಿಯೋತ ಯೂದ ಉರುಲು ಹಾಕಿಕೊಂಡನೆಂದು ಅವರು ಹೇಳುತ್ತಿದ್ದಾಗ ಹುಡುಗನೊಬ್ಬ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಮೊದಲ ಅಧ್ಯಾಯವನ್ನು ತೆರೆದು, ಅವನು ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆದು ಸತ್ತನೆಂದು ಇಲ್ಲಿದೆಯಲ್ಲ ಎಂದು ಕೇಳಿದ. ಅವನು ಕೇಳದೆ ಬಿಟ್ಟ ಇನ್ನೊಂದು ವ್ಯತ್ಯಾಸವನ್ನು ಅವರೇ ಆ ರಾತ್ರಿ ಕಂಡುಕೊಂಡರು: ಆ ದ್ರೋಹದ ಹಣದಿಂದ ಹೊಲವನ್ನು ಕೊಂಡವರು ಮತ್ತಾಯನ ಸುವಾರ್ತೆಯ (ಯೇಸುವಿನ ಜೀವನಕಥನದ) ಪ್ರಕಾರ ಮಹಾಯಾಜಕರು, ಅಪೊಸ್ತಲರ ಕೃತ್ಯಗಳ ಪ್ರಕಾರ ಯೂದನೇ. ನನ್ನ ಬಳಿ ಬರುವ ಹೊತ್ತಿಗೆ ಇಂಥವುಗಳಿಂದ ಒಂದು ನೋಟ್‌ಬುಕ್ ತುಂಬಿತ್ತು, ನಿದ್ದೆ ಕೆಟ್ಟಿತ್ತು, ಪ್ರಾರ್ಥನೆ ನಿಂತುಹೋಗಿತ್ತು.

"ಒಂದು ಮಾತು ತಪ್ಪಾದರೆ ಉಳಿದದ್ದನ್ನು ಯಾವ ಧೈರ್ಯದಿಂದ ನಂಬಲಿ?" ಎಂದರು. ಈ ಷರತ್ತನ್ನು ನಿಮಗೆ ಹಾಕಿದವರು ಯಾರು ಎಂದು ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಹಿಂದಿನ ವರ್ಷ ತೀರಿಕೊಂಡ ತಂದೆಯ ಹೆಸರು ಹೇಳಿದರು. ನೋಟ್‌ಬುಕ್ಕಿನ ಪ್ರತಿಯೊಂದು ಸಾಲೂ ಅವರಿಗೆ ತಂದೆಯ ವಿರುದ್ಧ ನುಡಿದ ಸಾಕ್ಷಿಯಂತೆ ಕಾಣುತ್ತಿತ್ತು.

ನಾನು ದೇವಶಾಸ್ತ್ರಜ್ಞನಲ್ಲ, ಅದನ್ನು ಮೊದಲೇ ಹೇಳಿದೆ. ಆದರೂ ಎಲ್ಲ ವ್ಯತ್ಯಾಸಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂದೆ. ಯೇಸುವಿನ ಸಮಾಧಿಯ ಬಳಿ ಕಂಡ ದೇವದೂತನು ಮತ್ತಾಯನಲ್ಲಿ ಒಬ್ಬ, ಯೋಹಾನನಲ್ಲಿ ಇಬ್ಬರು. ಒಂದೇ ಘಟನೆಯನ್ನು ಹಲವರು ಹೇಳುವಾಗ ಇಷ್ಟು ಅಂತರ ಸಹಜ. ಹಗ್ಗ ಹರಿದು ಯೂದ ಕೆಳಗೆ ಬಿದ್ದನೆಂಬ ಹಳೆಯ ಸಮಾಧಾನ ಅಸಾಧ್ಯವೇನಲ್ಲ, ಆದರೆ ಹಗ್ಗ ಹರಿಯಿತೆಂದು ಎರಡರಲ್ಲಿ ಯಾವ ಪುಸ್ತಕವೂ ಹೇಳುವುದಿಲ್ಲ. ಕಲಿಸುವುದಾದರೆ ಊಹೆಯೆಂದೇ ಕಲಿಸಬೇಕು.

ಎರಡು ಭೇಟಿಗಳು ದಾವೀದ ರಾಜನ ಜನಗಣತಿಯ ಮೇಲೆಯೇ ಕಳೆದವು; ಬೈಬಲ್ ಅದನ್ನು ಪಾಪವೆಂದೇ ಹೇಳುತ್ತದೆ. ಅವನನ್ನು ಪ್ರೇರಿಸಿದ್ದು 2 ಸಮುವೇಲ 24ರಲ್ಲಿ ಯೆಹೋವನ ಕೋಪ, 1 ಪೂರ್ವಕಾಲವೃತ್ತಾಂತ 21ರಲ್ಲಿ ಸೈತಾನ. ಎರಡನೆಯದು ಯೆಹೂದ್ಯರ ಬಾಬೆಲಿನ ಸೆರೆವಾಸದ ನಂತರದ ಬರಹ, ಮತ್ತು ಅದನ್ನು ಬರೆದವನು ಸಮುವೇಲನ ವೃತ್ತಾಂತವನ್ನು ಬಲ್ಲವನೆಂದೇ ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಿದ್ದರೆ ಇದು ಕಣ್ತಪ್ಪಲ್ಲ. ದೇವರೇ ಮನುಷ್ಯನನ್ನು ಪಾಪಕ್ಕೆ ನೂಕುವನೇ ಎಂಬ ಪ್ರಶ್ನೆ ಅವನನ್ನೂ ಕಾಡಿರಬಹುದು. "ಅಂದರೆ ನನಗಿಂತ ಮುಂಚೆಯೇ ಒಬ್ಬರಿಗೆ ನಿದ್ದೆ ಕೆಟ್ಟಿತ್ತು" ಎಂದು ಅವರು ಮೊದಲ ಬಾರಿಗೆ ನಕ್ಕರು. ಇಸ್ರಾಯೇಲಿನ ಭಟರ ಎಣಿಕೆ ಒಂದೆಡೆ 8 ಲಕ್ಷ, ಇನ್ನೊಂದೆಡೆ 11 ಲಕ್ಷ ಇರುವುದನ್ನು ಹೊಂದಿಸಲು ನಾನು ಹೋಗಲಿಲ್ಲ. ಎರಡನೆಯ ಶತಮಾನದಲ್ಲಿ ತಾತಿಯಾನನೆಂಬ ಕ್ರೈಸ್ತ ಲೇಖಕನು ನಾಲ್ಕು ಸುವಾರ್ತೆಗಳನ್ನು ಒಂದೇ ಕಥನವಾಗಿ ಹೆಣೆದಿದ್ದರೂ ಸಭೆಯು ಕೊನೆಗೆ ನಾಲ್ಕನ್ನೂ ಬೇರೆಬೇರೆಯಾಗಿಯೇ ಉಳಿಸಿಕೊಂಡಿತೆಂಬುದನ್ನು ಮಾತ್ರ ನೆನಪಿಸಿದೆ.

ನೋಟ್‌ಬುಕ್ಕನ್ನು ವಾರಕ್ಕೆರಡು ಸಲ, ಹಗಲಿನಲ್ಲಿ, ಅರ್ಧ ಗಂಟೆ ಮಾತ್ರ ತೆರೆಯಬೇಕೆಂದು ಒಪ್ಪಿಕೊಂಡರು. ಅನುಮಾನ ತೀರಿದ ಮೇಲೆ ಪ್ರಾರ್ಥಿಸುತ್ತೇನೆಂದು ಕಾಯದೆ, ಅನುಮಾನವನ್ನೇ ಪ್ರಾರ್ಥನೆಯ ಮೊದಲ ಮಾತಾಗಿಸಿಕೊಳ್ಳಲು ಸೂಚಿಸಿದೆ. ಕತ್ತಲೆಯಲ್ಲಿಯೇ ಮುಗಿಯುವ 88ನೆಯ ಕೀರ್ತನೆಯೂ ಪ್ರಾರ್ಥನೆಯೇ. ಹುಡುಗನಿಗೆ ಎರಡೂ ಭಾಗಗಳನ್ನು ಓದಿ ತೋರಿಸಿ "ನನಗೆ ಗೊತ್ತಿಲ್ಲ" ಎನ್ನಬೇಕೆಂದಾಗ, ಮಕ್ಕಳ ವಿಶ್ವಾಸ ಕೆಡುವುದಿಲ್ಲವೇ ಎಂದು ಆಕ್ಷೇಪಿಸಿದರು. ಅವನು ಆಗಲೇ ಓದಿದ್ದಾನೆ, ನೀವು ಮುಚ್ಚಿಟ್ಟರೆ ಕಳೆದುಕೊಳ್ಳುವುದು ನಿಮ್ಮ ಮೇಲಿನ ನಂಬಿಕೆಯನ್ನು ಎಂದೆ. ತಂದೆಗೆ ಒಂದು ಪತ್ರ ಬರೆಯಲೂ ಹೇಳಿದೆ.

ನಾಲ್ಕು ತಿಂಗಳ ನಂತರ ಅವರು ಮತ್ತೆ ಪಾಠ ಹೇಳುತ್ತಿದ್ದರು. ದಾವೀದನು ಕೊಂದನೆಂದು ಎಲ್ಲರೂ ಬಲ್ಲ ಗೊಲ್ಯಾತನನ್ನು ಎಲ್ಹಾನಾನನು ಕೊಂದನೆನ್ನುವ 2 ಸಮುವೇಲ 21:19ರ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಗೆಯೇ ಇತ್ತು. ಪತ್ರವಿನ್ನೂ ಮುಗಿದಿರಲಿಲ್ಲ.