ಟ್ಯಾಬ್ ಆನ್ ಆಗುತ್ತದೆ, ಟಚ್ ಮಾತ್ರ ಕೆಲಸ ಮಾಡುತ್ತಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಲೇ, ಡಿಸ್‌ಪ್ಲೇ ಹಾಕಿಸಲೇ?

ಸದ್ಯಕ್ಕೆ ಎರಡೂ ಬೇಡ. ಚಾರ್ಜರ್ ಕಿತ್ತು ಪಕ್ಕಕ್ಕಿಡಿ, ಟ್ಯಾಬ್‌ಗೆ ಮೌಸ್ ಸಿಕ್ಕಿಸಲು ಬರುವ ಒಂದು ಓಟಿಜಿ ಕೇಬಲ್ ತನ್ನಿ. ಅಷ್ಟು ಮಾಡುವವರೆಗೆ ಮಾತ್ರ ದಯವಿಟ್ಟು ರೀಸೆಟ್ ತಂಟೆಗೆ ಹೋಗಬೇಡಿ.

ನಾನು ಶಿವಮೊಗ್ಗದಲ್ಲಿ ಮನೆ ವೈರಿಂಗ್ ಕಂಟ್ರಾಕ್ಟ್ ಮಾಡುವವನು. ಗೋಡೆ ಕೊರೆದು ಪೈಪ್ ಕೂರಿಸಿದ ಮೇಲೆ, ಗಾರೆಯವರು ಪ್ಲಾಸ್ಟರ್ ಹೊಡೆಯುವ ಮುಂಚೆ, ಒಂದೊಂದು ಗೋಡೆಗೂ ಟೇಪು ಹಿಡಿದು ಫೋಟೋ ತೆಗೆದಿಡುತ್ತೇನೆ. ಗಾರೆ ಬಿದ್ದ ಮೇಲೆ ಪೈಪ್ ಎಲ್ಲಿ ಹೋಗಿದೆ ಅಂತ ಎಳೆದ ಹುಡುಗನಿಗೂ ನೆನಪಿರುವುದಿಲ್ಲ. ಆ ಫೋಟೋಗಳೆಲ್ಲ ಒಂದು ಹಳೇ ಆಂಡ್ರಾಯ್ಡ್ ಟ್ಯಾಬ್‌ನಲ್ಲಿದ್ದವು. ಬ್ಯಾಟರಿ ಸೋತಿತ್ತು, ಹಾಗಾಗಿ ಸೈಟಿನಲ್ಲಿ ಅದು ಯಾವಾಗಲೂ ಚಾರ್ಜಿಗೇ ನೇತಾಡುತ್ತಿತ್ತು. ಮೂಲ ಚಾರ್ಜರ್ ಎಲ್ಲೋ ಕಳೆದುಹೋಗಿ, ಬಸ್‌ಸ್ಟ್ಯಾಂಡ್ ಪಕ್ಕ ಸಿಕ್ಕ ಒಂದು ಅಗ್ಗದ್ದು ಬಳಸುತ್ತಿದ್ದೆ.

ಒಂದು ಬೆಳಿಗ್ಗೆ ಟಚ್ ಹೋಯಿತು. ಪರದೆ ಬೆಳಗುತ್ತಿದೆ, ಗಂಟೆ ತೋರಿಸುತ್ತಿದೆ, ಬೆರಳಿಗೆ ಮಾತ್ರ ಜಪ್ಪಯ್ಯ ಅನ್ನುತ್ತಿಲ್ಲ. ಒರೆಸಿದೆ. ಸ್ಕ್ರೀನ್ ಗಾರ್ಡ್ ಕಿತ್ತೆಸೆದೆ. ಪವರ್ ಗುಂಡಿ ಒತ್ತಿ ಹಿಡಿದು ರೀಸ್ಟಾರ್ಟ್ ಮಾಡಿದೆ, ಅದೂ ಚಾರ್ಜರ್ ಸಿಕ್ಕಿಸಿಕೊಂಡೇ. ಆಮೇಲೆ ಪವರ್ ಮತ್ತು ವಾಲ್ಯೂಮ್ ಗುಂಡಿ ಒಟ್ಟಿಗೆ ಹಿಡಿದು ರಿಕವರಿ ಮೆನುಗೆ ಹೋದೆ.

ಎಡವಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ ಮೆನುಗೆ ಟಚ್ ಬೇಕಿಲ್ಲ. ವಾಲ್ಯೂಮ್ ಗುಂಡಿಯಲ್ಲಿ ಇಳಿಯುತ್ತಾ ಹೋಗಿ ಪವರ್ ಒತ್ತಿದರೆ ಆಯಿತು. ಬೆಳಗ್ಗಿಂದ ಮಾತು ಕೇಳದ ಟ್ಯಾಬ್ ಅಲ್ಲಿ ಮಾತ್ರ ಹೇಳಿದ್ದನ್ನೆಲ್ಲ ಕೇಳುತ್ತದೆ, ಅದಕ್ಕೇ 'ಇದೇ ದಾರಿ' ಅನಿಸಿಬಿಡುತ್ತದೆ. ರಿಪೇರಿ ಅನ್ನಿಸಿಕೊಳ್ಳುವ ಕೆಲಸ ಅಂತ ಅಲ್ಲಿ ಕಣ್ಣಿಗೆ ಬೀಳುವುದು ರೀಸೆಟ್, ಎಲ್ಲ ಅಳಿಸಿಹಾಕುವುದೂ ಅದೇ. ನಾನು ವೈಪ್ ಡೇಟಾ, ಅಂದರೆ ಅದೇ ರೀಸೆಟ್, ಒತ್ತಿದೆ. ಖಚಿತವೇ ಅಂತ ಕೇಳಿತು. ಹೌದು ಅಂದೆ. ಫೋಟೋಗಳು ಗೂಗಲ್‌ಗೆ ಹೋಗಿರುತ್ತವೆ ಅಂತ ನನ್ನ ಲೆಕ್ಕ. ಡೇಟಾ ಉಳಿಸೋಣ ಅಂತ ಬ್ಯಾಕಪ್ ಆಫ್ ಮಾಡಿದ್ದವನೂ ನಾನೇ. ಮೆಮೊರಿ ಕಾರ್ಡ್ ಹಾಕಿದ್ದರೆ ಅದರಲ್ಲಿದ್ದದ್ದಾದರೂ ಉಳಿಯುತ್ತಿತ್ತೇನೋ, ಅದೂ ಇರಲಿಲ್ಲ.

ರೀಸೆಟ್ ಮುಗಿದು ಭಾಷೆ ಆರಿಸಿ ಅಂತ ಪುಟ ಬಂತು. ಆರಿಸಲು ಟಚ್ ಎಲ್ಲಿದೆ?

ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಟ್ಯಾಬ್ ತಗೊಂಡ, ಬೆರಳಾಡಿಸಿದ, ನನ್ನ ಕಡೆ ನೋಡಿದ. 'ಅಣ್ಣಾ, ಟಚ್ ಚೆನ್ನಾಗೇ ಇದೆಯಲ್ಲ?' ಅವನ ಕೈಯಲ್ಲಿದ್ದಾಗ ಚಾರ್ಜರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ಚಾರ್ಜರನ್ನೇ ಸಿಕ್ಕಿಸಿ ತೋರಿಸಿದ, ಟಚ್ ಸತ್ತಿತು. ಕಿತ್ತ, ಬಂತು.

ಇಡೀ ದಿನ ಕರೆಂಟಿನ ಜೊತೆ ಏಗುವವನಿಗೆ ಇದು ಹೊಳೆಯಬೇಕಿತ್ತು. ಚಾರ್ಜ್ ಆಗುವಾಗ ಟ್ಯಾಬ್‌ನ ಲೋಹದ ಬೆನ್ನು ಸವರಿದರೆ ಕೈಗೆ ಚುಮುಚುಮು ಅನ್ನುತ್ತಿತ್ತು, ಟೆಸ್ಟರ್ ಇಟ್ಟರೆ ಮಂಕಾಗಿ ಉರಿಯುತ್ತಿತ್ತು. ಗಾಜಿನಡಿ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕದ ಗೆರೆಗಳು ಅಡ್ಡ ಉದ್ದ ಹಾದಿರುತ್ತವೆ. ಬೆರಳು ಹತ್ತಿರ ಬಂದಾಗ ಅವುಗಳ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಶಕ್ತಿ, ತೀರಾ ಚಿಕ್ಕ ಪ್ರಮಾಣದಲ್ಲಿ ಅಲ್ಲಾಡುತ್ತದೆ, ಟಚ್ ಕಂಟ್ರೋಲರ್ ಚಿಪ್ ಅಳೆಯುವುದು ಅದನ್ನೇ. ಕಳಪೆ ಚಾರ್ಜರ್‌ನಲ್ಲಿ ಕರೆಂಟಿನ ಗದ್ದಲ ತಡೆಯುವ ಫಿಲ್ಟರ್‌ಗೆ ಕಾಸು ಉಳಿಸಿರುತ್ತಾರೆ. ಎರಡು ಪಿನ್ನಿನದ್ದು, ಅರ್ಥ್ ಅಂತೂ ಇಲ್ಲವೇ ಇಲ್ಲ. ಅದರ ಸ್ವಿಚಿಂಗ್ ಗದ್ದಲ ಹೊಕ್ಕಾಗ ಟ್ಯಾಬ್ ಅಳತೆಗೆ ಸೊನ್ನೆ ಅಂತ ಹಿಡಿಯುವ ಗ್ರೌಂಡೇ ಕುಣಿಯತೊಡಗುತ್ತದೆ. ಜಾತ್ರೆಯ ಮೈಕಿನ ಪಕ್ಕ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಪಾಡು ಆ ಚಿಪ್‌ನದ್ದು. ಕೆಲವು ಟ್ಯಾಬ್‌ಗಳು ಆಗ ತಾವೇ ಎಲ್ಲೆಲ್ಲೋ ಒತ್ತಿಕೊಳ್ಳುತ್ತವೆ, ಕೆಲವು ನನ್ನದರಂತೆ ಕಿವುಡಾಗುತ್ತವೆ.

ಟಚ್ ಬಂತು, ಫೋಟೋ ಬರಲಿಲ್ಲ. ಮೊದಲಿಗೆ ಹಳೇ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿತು. ಹೀಗೆ ಮೆನುವಿನಿಂದ ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಕೇಳುತ್ತದೆ, ಕಳ್ಳರಿಗಾಗಿ ಮಾಡಿದ ಬೀಗ ಅದು. ಖಾತೆ ತೆರೆದುಕೊಟ್ಟಿದ್ದ ಮಗನಿಗೆ ಫೋನ್ ಹಚ್ಚಿ ಅದನ್ನು ದಾಟಿದೆ. ಡೇಟಾ ರಿಕವರಿಯವರು ಮಾತ್ರ ಕೈಚೆಲ್ಲಿಬಿಟ್ಟರು. ಈಗಿನ ಆಂಡ್ರಾಯ್ಡ್‌ನಲ್ಲಿ ಒಳಗಿನ ಮೆಮೊರಿ ಎನ್‌ಕ್ರಿಪ್ಟ್ ಆಗಿರುತ್ತದೆ, ರೀಸೆಟ್ ಆದಾಗ ಅದರ ಕೀಲಿಯೇ ಹೋಗುತ್ತದೆ. ಮುಂದೆ ಒಬ್ಬ ಮೇಷ್ಟ್ರ ಮನೆಯಲ್ಲಿ ಕರ್ಟನ್ ರಾಡ್ ಹಾಕುವವನು 'ಇಲ್ಲಿ ಪೈಪ್ ಇದೆಯಾ?' ಅಂತ ಫೋನ್ ಮಾಡಿದ. ಇಲ್ಲ ಅನಿಸುತ್ತೆ ಅಂದೆ. ಡ್ರಿಲ್ ನೇರ ಪೈಪಿಗೇ ಇಳಿಯಿತು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಟ್ರಿಪ್ ಆಗಿ ಯಾರಿಗೂ ಏನೂ ಆಗಲಿಲ್ಲ. ಗೋಡೆ ಒಡೆದು ವೈರ್ ಬದಲಿಸಿ, ಪುಟ್ಟಿ ಹಚ್ಚಿ, ಆ ಕೋಣೆಗೆ ಪೂರ್ತಿ ಪೇಂಟ್ ಹೊಡೆಸಿದ ಖರ್ಚು ನನ್ನ ಜೇಬಿನದ್ದು.

ಈಗ ನಿಮ್ಮ ಟ್ಯಾಬ್. ಚಾರ್ಜರ್ ಕಿತ್ತು, ಕೈ ಒಣಗಿಸಿಕೊಂಡು, ಸ್ಕ್ರೀನ್ ಗಾರ್ಡ್ ದಪ್ಪದ್ದಾಗಿದ್ದರೆ ತೆಗೆದು ನೋಡಿ. ರೀಸ್ಟಾರ್ಟ್‌ಗೆ ನನ್ನ ತಕರಾರಿಲ್ಲ, ಏನೂ ಅಳಿಯುವುದಿಲ್ಲ. ಪವರ್ ಗುಂಡಿ, ಕೆಲವಕ್ಕೆ ಅದರ ಜೊತೆ ವಾಲ್ಯೂಮ್ ಡೌನ್, ಹತ್ತಿಪ್ಪತ್ತು ಸೆಕೆಂಡ್ ಹಿಡಿಯಿರಿ. ಆದರೂ ಬರಲಿಲ್ಲವೆಂದರೆ ಓಟಿಜಿ ಕೇಬಲ್‌ಗೆ ಕಂಪ್ಯೂಟರಿನ ಸಾದಾ ಮೌಸ್ ಸಿಕ್ಕಿಸಿ. ಬಹುತೇಕ ಟ್ಯಾಬ್‌ಗಳಲ್ಲಿ ಪರದೆ ಮೇಲೆ ಬಾಣ ಬರುತ್ತದೆ, ಪಿನ್ ಲಾಕನ್ನೂ ಅದರಲ್ಲೇ ಒತ್ತಿ ತೆಗೆಯಬಹುದು. ಒಂದೇ ಪೋರ್ಟ್ ಇರುವುದರಿಂದ ಮೌಸ್ ಇರುವಾಗ ಚಾರ್ಜ್ ಮಾಡಲಾಗದು, ಮೊದಲೇ ಆಫ್ ಮಾಡಿ ತುಂಬಿಸಿಕೊಳ್ಳಿ. ಒಳಗೆ ಹೋದ ಕೂಡಲೇ ಬೇಕಾದದ್ದನ್ನೆಲ್ಲ ಬೇರೆಡೆ ಕಾಪಿ ಮಾಡಿ, ಉಳಿದದ್ದು ಆಮೇಲೆ.

ಆಮೇಲೆ ಅಂದರೆ: ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಕ್ಲಿಕ್ ಮಾಡಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರಲ್ಲಿ ಪಾಯಿಂಟರ್ ಲೊಕೇಶನ್ ಆನ್ ಮಾಡಿ, ಬೆರಳಿನಿಂದ ಪರದೆ ತುಂಬ ಗೆರೆ ಎಳೆಯಿರಿ. ಗೆರೆ ಯಾವಾಗಲೂ ಒಂದೇ ಪಟ್ಟಿಯಲ್ಲಿ ತುಂಡಾದರೆ ಟಚ್ ಗಾಜಿನದ್ದೇ ದೋಷ, ಅಂಗಡಿಗೆ ಹೋಗಿ. ಗೆರೆಯೇ ಬೀಳದಿದ್ದರೆ ಟಚ್ ಗಾಜನ್ನು ಒಳಗಿನ ಬೋರ್ಡಿಗೆ ಜೋಡಿಸುವ ಸ್ಟ್ರಿಪ್ ಸಡಿಲವಾಗಿರಬಹುದು. ಬಿದ್ದ ಟ್ಯಾಬ್‌ಗಳಲ್ಲಿ ಇದು ಸಾಮಾನ್ಯ. ಟಚ್ ಗಾಜು, ಡಿಸ್‌ಪ್ಲೇ ಎರಡೂ ಸೇರಿದ ಕಾಂಬೋ ಹಾಕಬೇಕು ಅಂತ ಅಂಗಡಿಯವರು ಶುರುಮಾಡುವ ಮುಂಚೆ ಬಿಚ್ಚಿ ಸ್ಟ್ರಿಪ್ ಮತ್ತೊಮ್ಮೆ ಕೂರಿಸಲು ಹೇಳಿ. ಹಲವು ಅಗ್ಗದ ಟ್ಯಾಬ್‌ಗಳಲ್ಲಿ ಟಚ್ ಗಾಜು ಬೇರೆ, ಡಿಸ್‌ಪ್ಲೇ ಬೇರೆ. ಚಿತ್ರ ಸರಿಯಾಗಿ ಬರುತ್ತಿದ್ದರೆ ಗಾಜಿಗೆ ಮಾತ್ರ ದುಡ್ಡು ಕೊಡಿ.

ಇನ್ನೊಂದು. ಟ್ಯಾಬ್ ಮೇಜಿನ ಮೇಲೆ ಬೋರಲಾಗಿಟ್ಟು ಬೆನ್ನು ನೋಡಿ. ಉಬ್ಬಿದ್ದರೆ, ಅಥವಾ ಪರದೆ ಅಂಚಿನಲ್ಲಿ ಎದ್ದಿದ್ದರೆ, ಬ್ಯಾಟರಿ ಊದಿ ಒಳಗಿನಿಂದ ಒತ್ತುತ್ತಿದೆ ಅಂತ ಅರ್ಥ. ಆಗ ಮೌಸೂ ಬೇಡ, ಚಾರ್ಜೂ ಬೇಡ, ಒತ್ತಿ ಸರಿಮಾಡಲಂತೂ ಹೋಗಬೇಡಿ. ಆಫ್ ಮಾಡಿ, ಫೋಟೋ ಬೇಕು ಅಂತ ಹೇಳಿ, ಹಾಗೇ ರಿಪೇರಿಯವರ ಕೈಗೆ ಕೊಡಿ.