ಅಮೆರಿಕದ ಕ್ರೈಸ್ತ ಕುಟುಂಬ ಶಿಬಿರದಲ್ಲಿ ಬೇಸಿಗೆ ಕೆಲಸ: ಹೋಗಬಹುದೇ?

ನೀವು ಬಿ.ಕಾಂ. ಎರಡನೇ ವರ್ಷದಲ್ಲಿದ್ದೀರಿ. ಏಜೆನ್ಸಿಯೊಂದು ಅಮೆರಿಕದ ಕ್ರೈಸ್ತ ಕುಟುಂಬ ಶಿಬಿರದಲ್ಲಿ ಬೇಸಿಗೆಯ ಕೆಲಸ ಕೊಡಿಸುತ್ತೇನೆಂದಿದೆ. ನೀವು ಕ್ರೈಸ್ತರಲ್ಲ. ಹೋಗಬಹುದೇ, ಹೋದರೆ ನಾಲ್ಕು ಕಾಸು ಉಳಿಯುತ್ತದೆಯೇ ಎಂದು ಕೇಳಿದ್ದೀರಿ. ನಾನು ಬಿ.ಎಸ್.ಡಬ್ಲ್ಯು. ಓದುತ್ತಿದ್ದಾಗ ಮಂಗಳೂರಿನಿಂದ ಹೋಗಿ, ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಆಡಿರಾಂಡಾಕ್ ಬೆಟ್ಟಗಳಲ್ಲಿ, ಸರೋವರದ ದಡದ ಇಂಥದೇ ಒಂದು ಶಿಬಿರದಲ್ಲಿ ಇಡೀ ಬೇಸಿಗೆ ಕೆಲಸ ಮಾಡಿದ್ದೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಕಾಸಿನ ಮಾತನ್ನು ಮೊದಲೇ ಮುಗಿಸುತ್ತೇನೆ: ಉಳಿಯುವುದಿಲ್ಲ. ಗಂಟೆಗೆ ಇಷ್ಟು ಡಾಲರ್ ಎಂದು ಎಲ್ಲೋ ನೋಡಿ ರೂಪಾಯಿಗೆ ಗುಣಿಸುತ್ತಾ ಕೂರಬೇಡಿ. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ವೇತನ ಕಾಯ್ದೆಯಲ್ಲಿ, ವರ್ಷಕ್ಕೆ ಏಳು ತಿಂಗಳಿಗಿಂತ ಹೆಚ್ಚು ನಡೆಯದ ಶಿಬಿರಗಳಿಗೂ ಅಂಥ ಧಾರ್ಮಿಕ ಸಮಾವೇಶ ಕೇಂದ್ರಗಳಿಗೂ ವಿನಾಯಿತಿ ಇದೆ. ಹಾಗಾಗಿ ಹೆಚ್ಚಿನ ಕಡೆ ಗಂಟೆಯ ಲೆಕ್ಕ ಇರುವುದಿಲ್ಲ, ಓವರ್‌ಟೈಮ್ ಎಂಬ ಮಾತೂ ಇರುವುದಿಲ್ಲ. ವಾರಕ್ಕೆ ಇಷ್ಟೆಂದು ಗೊತ್ತುಮಾಡಿದ ಸಂಬಳ, ಜೊತೆಗೆ ಊಟ, ವಸತಿ. ಇದು ನಿಮ್ಮೊಬ್ಬರಿಗೆ ಮಾಡುವ ಮೋಸವೇನೂ ಅಲ್ಲ. ಮಕ್ಕಳನ್ನು ನೋಡಿಕೊಳ್ಳುವ ಕ್ಯಾಂಪ್ ಕೌನ್ಸೆಲರ್ ಆಗಿ ಹೋಗುವ ವಿದೇಶೀಯರಿಗೆ ಅಲ್ಲಿನ ಅಮೆರಿಕನ್ ಹುಡುಗರಿಗೆ ಸರಿಸಮನಾದ ಸಂಬಳವನ್ನೇ ಕೊಡಬೇಕೆಂಬ ನಿಯಮವಿದೆ. ಅವರಿಗೂ ಅಷ್ಟೇ ಸಿಗುತ್ತದೆ ಎಂಬುದು ಬೇರೆ ಮಾತು. ವಿಮಾನದ ಟಿಕೆಟ್, ವೀಸಾ ಶುಲ್ಕ, ಏಜೆನ್ಸಿಯ ಶುಲ್ಕ ಎಲ್ಲ ಕಳೆದರೆ, ಬರುವ ದಾರಿಯಲ್ಲಿ ನಾಲ್ಕು ದಿನ ನ್ಯೂಯಾರ್ಕ್ ನಗರ ಸುತ್ತುವಷ್ಟು ಮಿಕ್ಕರೆ ಪುಣ್ಯ. ಒಂದು ಸಮಾಧಾನವೆಂದರೆ, ವಿನಿಮಯ ಕಾರ್ಯಕ್ರಮಗಳಲ್ಲಿ ಹೋಗುವವರಿಗೆ ಕೊಡುವ ಜೆ-1 ವೀಸಾದಲ್ಲಿ ಹೀಗೆ ಬೇಸಿಗೆಗೆ ಹೋಗಿಬರುವವರ ಸಂಬಳದಲ್ಲಿ ಅಲ್ಲಿನ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಯನ್ನು ಮುರಿದುಕೊಳ್ಳುವಂತಿಲ್ಲ. ಮುರಿದುಕೊಂಡಿದ್ದರೆ ಸಂಕೋಚಪಡದೆ ಕೇಳಿ. ಸಣ್ಣ ಶಿಬಿರಗಳ ಲೆಕ್ಕದವರಿಗೆ ಎಷ್ಟೋ ಸಲ ಇದು ತಿಳಿದಿರುವುದಿಲ್ಲ.

ಇನ್ನು ಕೆಲಸ. ಅಮೆರಿಕದ ಶಿಬಿರ ಎಂದರೆ ಮಕ್ಕಳನ್ನು ಬಿಟ್ಟು ತಂದೆತಾಯಿ ಕಾರು ಹತ್ತುವ ಚಿತ್ರ ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಅಳಿಸಿಬಿಡಿ. ಕುಟುಂಬ ಶಿಬಿರಕ್ಕೆ ಅಜ್ಜ, ಅಜ್ಜಿ, ಮೊಮ್ಮಕ್ಕಳು, ತೊಟ್ಟಿಲ ಕೂಸು ಸಮೇತ ಇಡೀ ಮನೆಯೇ ಬರುತ್ತದೆ. ಇದಕ್ಕೆ ಹಳೆಯ ಬೇರಿದೆ. 1801ರಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ ರೈತಾಪಿ ಜನ ಗಾಡಿ ಕಟ್ಟಿಕೊಂಡು ಬಂದು, ಬಯಲಲ್ಲಿ ಬೀಡುಬಿಟ್ಟು ದಿನಗಟ್ಟಲೆ ಧರ್ಮಪ್ರವಚನ ಕೇಳಿದ ಕಾಲದಿಂದ ಈ ರೂಢಿ ಬೆಳೆದಿದೆ. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಡದಲ್ಲಿ ಭಾನುವಾರದ ಶಾಲೆಯ ಶಿಕ್ಷಕರಿಗಾಗಿ ಶುರುವಾದ ಸಭೆ ಪ್ರವಚನಕ್ಕೆ ಪಾಠವನ್ನೂ ಬೇಸಿಗೆಯ ರಜೆಯನ್ನೂ ಜೋಡಿಸಿತು. ಕ್ಯಾಲಿಫೋರ್ನಿಯಾದ ಶಿಬಿರಗಳಲ್ಲಿ ಮೌಂಟ್ ಹರ್ಮನ್ 1906ರದು, ಫಾರೆಸ್ಟ್ ಹೋಮ್ 1938ರದು. ಇಂಥ ಕಡೆ ಕೆಲವು ಮನೆತನಗಳು ಪ್ರತಿ ವರ್ಷ ಅದೇ ವಾರ, ಅದೇ ಕ್ಯಾಬಿನ್ ಹಿಡಿದು ಬರುತ್ತವೆ. ಬಾಗಿಲ ಚೌಕಟ್ಟಿನಲ್ಲಿ ತಮ್ಮ ಅಪ್ಪ ಚಿಕ್ಕವನಿದ್ದಾಗ ಕೆತ್ತಿದ ಹೆಸರನ್ನು ಮಗು ನಿಮಗೆ ತೋರಿಸುತ್ತದೆ. ಆ ಜಾಗ ನಿಮಗಿಂತ ಅವರಿಗೆ ಚೆನ್ನಾಗಿ ಗೊತ್ತು ಎಂಬುದನ್ನು ಮೊದಲ ದಿನವೇ ಒಪ್ಪಿಕೊಂಡರೆ ಒಳ್ಳೆಯದು.

ವಾರದ ಚಕ್ರ ಸರಳ. ಶನಿವಾರ ಬೆಳಗಿನ ತಿಂಡಿ ಮುಗಿಸಿ ಒಂದು ತಂಡ ಹೊರಡುತ್ತದೆ, ಇಳಿಹೊತ್ತಿಗೆ ಮುಂದಿನ ತಂಡದ ಕಾರುಗಳು ಗೇಟಿನಲ್ಲಿ ನಿಂತಿರುತ್ತವೆ. ನಡುವಿನ ಆ ಕೆಲವೇ ಗಂಟೆಗಳಲ್ಲಿ ಕ್ಯಾಬಿನ್‌ಗಳ ಹಾಸಿಗೆ ಬದಲಾಗಬೇಕು, ಶೌಚಾಲಯ ಉಜ್ಜಬೇಕು, ಮಂಚದ ಕೆಳಗಿನ ಮರಳು ಗುಡಿಸಬೇಕು. ನಿಮ್ಮ ಹುದ್ದೆಯ ಹೆಸರು ಏನೇ ಇರಲಿ, ಶನಿವಾರ ಕೈಗೆ ಪೊರಕೆ ಬರುತ್ತದೆ. ಉಳಿದ ದಿನಗಳಲ್ಲಿ ಬೆಳಿಗ್ಗೆ ದೊಡ್ಡವರಿಗೆ ಪ್ರಾರ್ಥನಾ ಮಂದಿರದಲ್ಲಿ ಬೈಬಲ್ ಅಧ್ಯಯನ, ಅದೇ ಹೊತ್ತಿಗೆ ಮಕ್ಕಳು ವಯಸ್ಸಿನ ಪ್ರಕಾರ ನಮ್ಮ ಕೈಗೆ. ಮಧ್ಯಾಹ್ನ ಎಲ್ಲರೂ ನೀರಿಗೆ. ರಾತ್ರಿ ಹಾಡು, ನಾಟಕ, ಬೆಂಕಿಯ ಸುತ್ತ ಕೂತು ಮಾರ್ಷ್‌ಮ್ಯಾಲೊ ಮಿಠಾಯಿ ಸುಡುವುದು. ಜೂನ್ ಕೊನೆಯಲ್ಲಿ ಅಲ್ಲಿ ರಾತ್ರಿ ಎಂಟೂವರೆಯಾದರೂ ಬೆಳಕು ಆರುವುದಿಲ್ಲ. ಮಕ್ಕಳನ್ನು ಮಲಗಿಸುವ ತಾಯಂದಿರ ಪಾಡು ದೇವರಿಗೇ ಪ್ರೀತಿ.

ನನ್ನ ಪಾಲಿಗೆ ಬಂದದ್ದು ಮೂರರಿಂದ ಐದು ವರ್ಷದವರು. ಬಿಡುವಾಗ ತಾಯಿ ಅಥವಾ ತಂದೆ ಸಹಿ ಹಾಕಬೇಕು; ಮಗುವಿನ ಅಂಗಿಗೆ ಒಂದು ನಂಬರಿನ ಚೀಟಿ, ಅದರ ಜೋಡಿ ಪೋಷಕರ ಕೈಗೆ. ಆ ಜೋಡಿ ತೋರಿಸದೆ ಮಗುವನ್ನು ಯಾರಿಗೂ ಕೊಡುವಂತಿಲ್ಲ. ಒಮ್ಮೆ ಒಬ್ಬ ಅಜ್ಜ ಬಂದರು. ಆ ಶಿಬಿರಕ್ಕೆ ನನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳಿಂದ ಬರುತ್ತಿದ್ದವರು, ನಿರ್ದೇಶಕರನ್ನೇ ಚಿಕ್ಕ ಹುಡುಗನಾಗಿ ಕಂಡವರು. ಮೊಮ್ಮಗಳು ಓಡಿಹೋಗಿ ಅವರ ಕಾಲು ಹಿಡಿದಳು. ಚೀಟಿ ಸೊಸೆಯ ಹತ್ತಿರ ಇತ್ತು, ಸೊಸೆ ಸರೋವರದ ಆಚೆ ದೋಣಿಯಲ್ಲಿದ್ದಳು. ನಾನು ಕೊಡಲಾಗುವುದಿಲ್ಲ ಎಂದೆ. ಮಗು ಅಳತೊಡಗಿತು, ಹಿಂದೆ ಸಾಲು ಬೆಳೆಯಿತು, ನಮ್ಮಲ್ಲಾದರೆ ಹಿರಿಯರ ಮುಂದೆ ಹಾಗೆ ನಿಂತದ್ದಕ್ಕೆ ನಾಲ್ಕು ಜನ ಬಯ್ಯುತ್ತಿದ್ದರು. ಅಜ್ಜ ನನ್ನ ಮುಖ ನೋಡಿದರು, ಹೆಸರಿನ ಬಿಲ್ಲೆ ನೋಡಿದರು, ಅಲ್ಲೇ ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತು, ಸೊಸೆ ಬರುವವರೆಗೂ ಬಣ್ಣ ಹಚ್ಚುತ್ತಿದ್ದರು. ಅಂಥ ಅಜ್ಜಂದಿರೇ ಸಿಗುತ್ತಾರೆಂದು ಖಾತರಿ ಕೊಡಲಾರೆ. ಆದರೆ ಮಕ್ಕಳ ವಿಷಯದಲ್ಲಿ ಅಲ್ಲಿನ ನಿಯಮಗಳು ಕಟ್ಟುನಿಟ್ಟು: ಮಗುವಿನೊಂದಿಗೆ ಒಬ್ಬರೇ ಇರುವಂತಿಲ್ಲ, ನಿಮ್ಮ ಹಿನ್ನೆಲೆಯ ಪರಿಶೀಲನೆ ಮೊದಲೇ ನಡೆದಿರುತ್ತದೆ, ಕಡಲೆಕಾಯಿ ಒಗ್ಗದ ಮಗು ಯಾವುದೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬೇಕು. ನೀರಿನಲ್ಲಿ ಆಡುವವರು ಜೋಡಿಯಾಗಿಯೇ ಇರಬೇಕು. ಆಗಾಗ ಸೀಟಿ ಊದುತ್ತಾರೆ. ಆ ಕ್ಷಣ ಎಲ್ಲರೂ ಆಟ ನಿಲ್ಲಿಸಿ, ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ತಲೆಗಳ ಎಣಿಕೆ, ನೀರಿಗಿಳಿಯುವಾಗ ಬೋರ್ಡಿನಲ್ಲಿ ನೇತುಹಾಕಿದ ಬಿಲ್ಲೆಗಳಿಗೆ ತಾಳೆಯಾದ ಮೇಲೆಯೇ ಎರಡನೇ ಸೀಟಿ.

ಕಷ್ಟವಾದದ್ದು ಇದಾವುದೂ ಅಲ್ಲ. ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಇರುತ್ತಾರಲ್ಲ, ಅವರ ಪಾಡು ನಿಮ್ಮದಾಗುತ್ತದೆ, ಅದೂ ಇಡೀ ಬೇಸಿಗೆ. ನೀವು ಊಟ ಮಾಡುವುದು ಅತಿಥಿಗಳ ಪಕ್ಕದಲ್ಲಿ, ಹಾಡುವುದು ಅವರ ನಡುವೆ, ಹಲ್ಲುಜ್ಜಲು ಹೋಗುವ ದಾರಿಯಲ್ಲೂ ಅವರೇ ಎದುರಾಗುತ್ತಾರೆ. ಊರಿನಿಂದ ಕೆಟ್ಟ ಸುದ್ದಿ ಬಂದಿರಲಿ, ಜೊತೆಗಾರ್ತಿಯೊಂದಿಗೆ ಮಾತು ಬಿಟ್ಟಿರಲಿ, ಮುಖ ಗಂಟಿಕ್ಕುವಂತಿಲ್ಲ. ಅತಿಥಿಗಳಿಗೆ ಅದು ವರ್ಷದ ಒಂದೇ ವಾರ. ನಿಮಗೆ ಅದು ಎಷ್ಟನೆಯದೋ ವಾರ, ಅದೇ ಹಾಡು, ಅದೇ ಹಾಸ್ಯ, ಅದೇ ಜಾಗದಲ್ಲಿ ನಗು. ರಾತ್ರಿ ಮಲಗುವ ಕೋಣೆಯಲ್ಲೂ ಏಳೆಂಟು ಜನ. ವಾರಕ್ಕೊಮ್ಮೆ ರಜೆ ಇದ್ದರೂ ಕಾರಿಲ್ಲದವರು ಎಲ್ಲಿಗೆ ಹೋಗುತ್ತಾರೆ? ಕಾರಿರುವ ಅಮೆರಿಕನ್ ಗೆಳತಿ ಸಿಕ್ಕರೆ ನಿಮ್ಮ ಬೇಸಿಗೆಯೇ ಬೇರೆ. ಮದ್ಯ ಇಲ್ಲ, ಸಿಗರೇಟ್ ಇಲ್ಲ, ಕೆಲಸದ ವೇಳೆಯಲ್ಲಿ ಮೊಬೈಲ್ ಇಲ್ಲ, ಹುಡುಗ ಹುಡುಗಿಯರ ಓಡಾಟಕ್ಕೂ ಗಂಟೆಯ ಮಿತಿ ಇದೆ. ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಇದೇನೂ ಹೊಸದಾಗಿರಲಿಲ್ಲ. ಅಮೆರಿಕದ ಸ್ವಾತಂತ್ರ್ಯವನ್ನು ಕನಸು ಕಂಡು ಬಂದ ಕೆಲವರು ಒದ್ದಾಡಿದರು. ಆಡಿರಾಂಡಾಕ್ ಕಡೆ ಕೆಲಸ ಸಿಕ್ಕರೆ ಜೂನ್ ತಿಂಗಳ ಕರಿನೊಣಕ್ಕೂ ಸಿದ್ಧರಾಗಿ. ಕಿವಿಯ ಹಿಂದೆ, ಕೂದಲಿನ ಅಂಚಿನಲ್ಲಿ ಕಚ್ಚುತ್ತದೆ. ರಕ್ತ ಇಳಿದ ಮೇಲೆಯೇ ಗೊತ್ತಾಗುವುದು. ಕರಡಿ ಬರುತ್ತದೆಂದು ಮಲಗುವ ಕೋಣೆಯಲ್ಲಿ ತಿಂಡಿ ಇಡಲು ಬಿಡುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬವನ್ನು ಶಿಬಿರದ ಅಡುಗೆಮನೆಗೆ ಒಪ್ಪಿಸಬೇಕಾಯಿತು. ಅದು ಅಡುಗೆಯವರ ಪಾಲಾಯಿತು.

ಈಗ ನಂಬಿಕೆಯ ವಿಷಯ. ಇಂಥ ಶಿಬಿರಗಳಲ್ಲಿ ಬಹುಪಾಲು ಇವ್ಯಾಂಜೆಲಿಕಲ್ ಪಂಥದವು, ಎಂದರೆ ಪ್ರತಿಯೊಬ್ಬರೂ ಸ್ವತಃ ಯೇಸುವನ್ನು ಸ್ವೀಕರಿಸಬೇಕು ಎನ್ನುವವರವು. ಅರ್ಜಿಯ ಜೊತೆಗೆ ನಂಬಿಕೆಯ ಘೋಷಣೆಗೆ ಸಹಿ, ಸಭಾಪಾಲಕರ (ಪಾದ್ರಿಗಳ) ಪತ್ರ, ನಿಮ್ಮ ‘ಸಾಕ್ಷಿ’, ಎಂದರೆ ನೀವು ನಂಬಿಕೆಗೆ ಬಂದ ಕತೆ, ಕೇಳುತ್ತಾರೆ. ಹಾಗೆ ಕೇಳುವುದು ಕಾನೂನುಬದ್ಧ. 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ಧಾರ್ಮಿಕ ಸಂಸ್ಥೆಗಳಿಗೆ ತಮ್ಮ ಮತದವರನ್ನೇ ನೇಮಿಸಿಕೊಳ್ಳುವ ಅವಕಾಶ ಕೊಟ್ಟಿದೆ. ಕ್ರೈಸ್ತಳಾದ ನನಗೇ ಇದು ಸಲೀಸಾಗಿರಲಿಲ್ಲ. ನೀವು ಯಾವ ದಿನ ಯೇಸುವನ್ನು ಸ್ವೀಕರಿಸಿದಿರಿ ಎಂದು ಕೇಳುತ್ತಾರೆ. ಕೂಸಾಗಿದ್ದಾಗ ದೀಕ್ಷಾಸ್ನಾನವಾಗಿ, ಮಂಗಳೂರಿನ ಬಲ್ಮಠದ ಕಡೆಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದ ನಾನು ಯಾವ ದಿನ ಹೇಳಲಿ? ನಾನು ಹೊಸದಾಗಿ ಮತಾಂತರವಾದವಳು, ಮನೆಯವರು ಹೊರಹಾಕಿರಬೇಕು ಎಂದು ಕೆಲವರು ಕನಿಕರದಿಂದ ಕೇಳಿದ್ದೂ ಉಂಟು. ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ನಮ್ಮ ಮನೆಯಲ್ಲಿ ನಾನು ಐದನೇ ತಲೆಮಾರು, ಮನೆಯವರು ಆರಾಮವಾಗಿ ಮೀನು ಸಾರು ಉಣ್ಣುತ್ತಿದ್ದಾರೆ ಎಂದು ತಿಳಿಸಿ ಹೇಳಬೇಕಾಯಿತು. ಅವರ ಹೊಸ ಗಿಟಾರು ಹಾಡುಗಳಲ್ಲಿ ನನಗೆ ಒಂದೂ ಬರುತ್ತಿರಲಿಲ್ಲ. ಭಾನುವಾರ ಹಳೆಯ ಜರ್ಮನ್ ರಾಗವೊಂದನ್ನು ಎತ್ತಿಕೊಂಡಾಗ ಮಾತ್ರ ಪುಸ್ತಕ ಮುಚ್ಚಿ ಕನ್ನಡದಲ್ಲಿ ಹಾಡಿದೆ.

‘ಸಹಿ ಹಾಕಿ ಹೋಗಿ, ಅಲ್ಲಿ ಯಾರು ನೋಡುತ್ತಾರೆ’ ಎಂದು ಏಜೆನ್ಸಿಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ಎಲ್ಲರೂ ನೋಡುತ್ತಾರೆ. ಸಿಬ್ಬಂದಿಯ ಪ್ರಾರ್ಥನೆ ದಿನವೂ ಇರುತ್ತದೆ, ಅದನ್ನು ನಡೆಸುವ ಸರದಿ ನಿಮಗೂ ಬರುತ್ತದೆ. ನಾಲ್ಕು ವರ್ಷದ ಮಗು, ಸತ್ತುಹೋದ ನಾಯಿ ಸ್ವರ್ಗದಲ್ಲಿದೆಯೇ ಎಂದು ಕೇಳುತ್ತದೆ. ತಂದೆತಾಯಿ ಒಪ್ಪುವ ಉತ್ತರವನ್ನು ನೀವು ಕೊಡಬೇಕು. ನಂಬದ್ದಕ್ಕೆ ಸಹಿ ಹಾಕಿ ದಿನವಿಡೀ ಆ ವೇಷ ಹೊತ್ತು ತಿರುಗುವುದು ನಿಮಗೂ ಹಿಂಸೆ, ಅವರಿಗೂ ಅನ್ಯಾಯ. ಹೋಗಲೇಬೇಕೆಂಬ ಆಸೆ ಇದ್ದರೆ ವೈ.ಎಂ.ಸಿ.ಎ. (ಯಂಗ್ ಮೆನ್ಸ್ ಕ್ರಿಶ್ಚಿಯನ್ ಅಸೋಸಿಯೇಷನ್) ಶಿಬಿರಗಳ ಕಡೆ ನೋಡಿ. 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸಂಸ್ಥೆಯ ಹೆಸರಿನಲ್ಲಿ ಕ್ರೈಸ್ತ ಎಂಬುದು ಇದ್ದರೂ ಇಂದು ಅದು ಎಲ್ಲ ಮತದವರಿಗೂ ತೆರೆದಿದೆ. ಕೊಲರಾಡೊದ ಎಸ್ಟಿಸ್ ಪಾರ್ಕ್‌ನಲ್ಲಿ 1907ರಿಂದ ಇರುವ ವೈ.ಎಂ.ಸಿ.ಎ. ಆಫ್ ದ ರಾಕೀಸ್‌ಗೆ ಕುಟುಂಬಗಳೇ ಹೆಚ್ಚಾಗಿ ಬರುವುದು, ಬೇಸಿಗೆಯಲ್ಲಿ ವಿದೇಶಿ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಾರೆ.

ಏಜೆನ್ಸಿಗೆ ಕೇಳಬೇಕಾದ ಮೊದಲ ಪ್ರಶ್ನೆ, ನಿಮ್ಮನ್ನು ಜೆ-1ರ ಯಾವ ವರ್ಗದಲ್ಲಿ ಕಳಿಸುತ್ತಾರೆ ಎಂಬುದು. ಕ್ಯಾಂಪ್ ಕೌನ್ಸೆಲರ್ ವರ್ಗಕ್ಕೆ ಹದಿನೆಂಟು ತುಂಬಿರಬೇಕು, ಕೆಲಸ ಮಕ್ಕಳೊಂದಿಗೇ ಇರಬೇಕು. ಆ ವೀಸಾದಲ್ಲಿ ಕರೆಸಿ ಪಾತ್ರೆ ತೊಳೆಯಲು, ಅಡುಗೆಗೆ, ಕಚೇರಿಗೆ ಹಾಕುವಂತಿಲ್ಲ. ಅಂಥ ಕೆಲಸಗಳಿಗೆ ಇರುವುದು ಸಮ್ಮರ್ ವರ್ಕ್ ಟ್ರಾವೆಲ್ ವರ್ಗ, ಅದು ಕಾಲೇಜಿನಲ್ಲಿ ಓದುತ್ತಿರುವವರಿಗೆ ಮಾತ್ರ. ಎರಡಕ್ಕೂ ನಾಲ್ಕು ತಿಂಗಳ ಮಿತಿ, ಆಮೇಲೆ ತಿರುಗಾಡಿ ಮರಳಲು ಮೂವತ್ತು ದಿನ. ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಅಮೆರಿಕ ಸರ್ಕಾರದ ದಾಖಲೆ ವ್ಯವಸ್ಥೆಯ ಶುಲ್ಕ ಈ ಎರಡು ವರ್ಗಗಳಿಗೆ 35 ಡಾಲರ್ ಮಾತ್ರ. ಅದರ ಹೆಸರಿನಲ್ಲಿ ಯಾರಾದರೂ 220 ಕೇಳಿದರೆ ಅದು ಬೇರೆ ಜೆ-1 ವರ್ಗಗಳ ದರ ಎಂದು ತಿಳಿಯಿರಿ. ಇದೆಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಪರೀಕ್ಷೆಗಳದು. ಶಿಬಿರದ ತರಬೇತಿ ಮೇ ಕೊನೆ, ಜೂನ್ ಮೊದಲಿಗೇ ಶುರುವಾಗುತ್ತದೆ, ನಮ್ಮ ಸೆಮಿಸ್ಟರ್ ಆ ಹೊತ್ತಿಗೆ ಮುಗಿದಿರುತ್ತದೆ ಎಂಬ ನೆಚ್ಚಿಕೆ ಇಲ್ಲ. ಕಾಲೇಜಿನಲ್ಲಿ ವಿಚಾರಿಸಿ ದಿನಾಂಕ ಗೊತ್ತುಮಾಡಿಕೊಳ್ಳಿ. ಶಿಬಿರದ ಹೆಸರು, ಹುದ್ದೆ, ವಾರದ ಸಂಬಳ, ರಜೆಯ ದಿನ ಇಷ್ಟೂ ಇರುವ ಪತ್ರ ಶಿಬಿರದಿಂದಲೇ ಬಂದು ಕೈ ಸೇರುವವರೆಗೆ ಏಜೆನ್ಸಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ.